ಬರದವರ ಕೋಣೆ

ದುಡ್ಡು ಕೊಟ್ಟ ಮೇಲೂ ಸಾಮಾನು ಒಯ್ಯಲು ಬಾರದವರು ಇರುತ್ತಾರೆಯೇ ಎಂದು ಯಾರಾದರೂ ಕೇಳಿದರೆ ಹರಾಜಪ್ಪ ಅವರನ್ನು ಹಿಂದಿನ ಕೋಣೆಗೆ ಕರೆದೊಯ್ದು ದೀಪ ಹಾಕುತ್ತಿದ್ದ. ಹರಾಜಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಯಾರಾದರೂ ಮನೆ ಖಾಲಿ ಮಾಡುವಾಗ ಇಡೀ ಸಾಮಾನನ್ನು ಒಟ್ಟಿಗೆ ಕೊಂಡು, ಒಂದೊಂದರ ಫೋಟೋ ತೆಗೆದು ಆನ್‌ಲೈನ್ ಹರಾಜಿಗೆ ಹಾಕುವುದು ಅವನ ಕಸುಬು. ಗೆದ್ದವರು ದುಡ್ಡು ಕಳಿಸಿ, ಮನೆಗೆ ಬಂದು ಸಾಮಾನು ಒಯ್ಯಬೇಕು. ಹೆಚ್ಚಿನವರು ಒಯ್ಯುತ್ತಿದ್ದರು. ಉಳಿದವರ ಪಾಲಿನದ್ದು ಆ ಕೋಣೆ ಸೇರುತ್ತಿತ್ತು. ಮೀನಿಲ್ಲದ ಮೀನಿನ ತೊಟ್ಟಿ, ತೂಕ ಇಳಿಸುವ ಹುಮ್ಮಸ್ಸಿನಲ್ಲಿ ಯಾರೋ ಕೊಂಡ ಟ್ರೆಡ್‌ಮಿಲ್, ಯಾವ ಮನೆಯ ಬಾಗಿಲಲ್ಲೂ ತೂರದ ಗಾಜಿನ ತೂಗುದೀಪ. ಮನೆಯಲ್ಲಿ ಎಲ್ಲರೂ ಅದನ್ನು ಬರದವರ ಕೋಣೆ ಎನ್ನುತ್ತಿದ್ದರು.

ಮೊದಲು ಅವನು ಮರ್ಯಾದೆಯಿಂದ ಮೆಸೇಜು ಹಾಕುತ್ತಿದ್ದ. ಆಮೇಲೆ ಫೋನು. "ಈ ವಾರ ಗ್ಯಾರಂಟಿ ಬರ್ತೀನಿ ಸಾರ್" ಎಂದವರು ಮುಂದಿನ ವಾರ ಫೋನನ್ನೇ ಎತ್ತುತ್ತಿರಲಿಲ್ಲ. "ಕೊಟ್ಟೋನು ಕೋಡಂಗಿ ಅಂತಾರೆ, ಈ ಕಸುಬಲ್ಲಿ ಇಸ್ಕೊಂಡೋನೇ ಕೋಡಂಗಿ" ಎಂದು ಅವನು ಗೊಣಗುತ್ತಿದ್ದ. ಆದರೆ ಅವನದೊಂದು ಹಟವಿತ್ತು. ದುಡ್ಡು ಬಂದ ಮೇಲೆ ಆ ವಸ್ತು ನಮ್ಮದಲ್ಲ, ಫೋಟೋದಲ್ಲಿ ಹೇಗಿತ್ತೋ ಹಾಗೆಯೇ ಒಪ್ಪಿಸಬೇಕು, ನಡುವೆ ಯಾರೂ ಕೈ ಹಚ್ಚಕೂಡದು.

ಹಟ ಅವನದು, ಮನೆ ಎಲ್ಲರದ್ದು. ಮೊದಲು ಅವನ ತಾಯಿ ಟ್ರೆಡ್‌ಮಿಲ್ಲಿನ ಮೇಲೆ ಒದ್ದೆ ಬಟ್ಟೆ ಹರವಿದರು. "ಓಡೋರು ಬರೋ ತನಕ ನನ್ನ ಬಟ್ಟೆ ಒಣಗ್ಲಿ ಬಿಡೋ" ಎಂದರು. ಸೊಸೆಗೆ ಅಷ್ಟೇ ಸಾಕಾಯಿತು. ಅತ್ತೆಯೇ ದಾಟಿದ ಗೆರೆಯನ್ನು ಸೊಸೆ ಕಾಯುತ್ತಾಳೆಯೇ?

ಸೊಸೆ ಅಂದರೆ ಹರಾಜಪ್ಪನ ಹೆಂಡತಿ. ಬೀದಿಯವರ ಪರದೆ, ಜಿಪ್ಪು, ಉದ್ದವಾದ ಪ್ಯಾಂಟಿನ ಅಂಚು, ಎಲ್ಲವನ್ನೂ ಹೊಲಿದುಕೊಡುತ್ತಿದ್ದಳು. ಅವಳ ಮಷೀನು ಕೆಟ್ಟು ಮೂಲೆ ಸೇರಿದ ಹೊತ್ತಿಗೇ ಬರದವರ ಕೋಣೆಯಲ್ಲಿ ಒಂದು ಹಳೆಯ ಕಾಲುಮಷೀನು ಬಂದು ಕುಳಿತಿತ್ತು. ತೀರಿಕೊಂಡ ಹೆಂಗಸೊಬ್ಬಳ ಮನೆಯದು. ಅವಳ ಗಂಡ ಎಲ್ಲವನ್ನೂ ಒಟ್ಟಿಗೆ ಮಾರಿ ಕೈ ತೊಳೆದುಕೊಂಡಿದ್ದ. ಸೂಜಿಯ ಕೆಳಗೆ ಒಂದು ಬಟ್ಟೆ ಸಿಕ್ಕಿಕೊಂಡಿತ್ತು. ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಹರಾಜಪ್ಪ ಅದನ್ನೂ ಸೇರಿಸಿಯೇ ಫೋಟೋ ತೆಗೆದಿದ್ದ. ಯಾರೋ ಒಬ್ಬಳು ಬಿಡದೆ ಹರಾಜು ಕೂಗಿ, ಅದರ ಯೋಗ್ಯತೆಗೆ ಮೀರಿದ ಬೆಲೆಗೆ ಅದನ್ನು ಗೆದ್ದಳು. "ಬೇಗ ಬರ್ತೀನಿ, ದಯವಿಟ್ಟು ಹಾಗೇ ಇಟ್ಟಿರಿ" ಎಂದು ಒಂದು ಮೆಸೇಜು ಬಂತು. ಆಮೇಲೆ ಸುದ್ದಿಯಿಲ್ಲ.

ತಿಂಗಳುಗಳು ಉರುಳಿದವು. ಓಡಿಸದಿದ್ದರೆ ಮಷೀನು ತುಕ್ಕು ಹಿಡಿಯುತ್ತದೆ, ಕೊಂಡವಳಿಗೇ ನಷ್ಟ ಎಂದು ಹೆಂಡತಿ ತನಗೆ ತಾನೇ ಹೇಳಿಕೊಂಡಳು. ತಪ್ಪು ಮಾಡುವವರಿಗೆ ನೆಪ ಯಾವತ್ತೂ ಕೈಗೆಟುಕುವ ಹಾಗೇ ಇರುತ್ತದೆ. ಗಂಡ ಹೊರಗೆ ಹೋದಾಗ ಕುಳಿತು, ಸೂಜಿ ಎತ್ತಿ, ಬಟ್ಟೆಯನ್ನು ಹೊರಗೆಳೆದಳು. ಎಳೆಗೂಸಿನ ಅಂಗಿ. ತೆಳುವಾದ ಹಳದಿ ಹತ್ತಿ. ಒಂದು ಪಕ್ಕದ ಹೊಲಿಗೆ ಅರ್ಧಕ್ಕೆ ನಿಂತಿತ್ತು, ಅದೂ ಸೊಟ್ಟ.

ಸುಮ್ಮನೆ ಮಡಚಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಸೊಟ್ಟ ಹೊಲಿಗೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿದಳು, ದಾರವನ್ನು ಕಸಕ್ಕೆ ಹಾಕಿದಳು, ನೀರು ಚಿಮುಕಿಸಿ ಇಸ್ತ್ರಿ ಮಾಡಿ ಸೂಜಿಯ ತೂತುಗಳೂ ಕಾಣದ ಹಾಗೆ ಮಾಡಿದಳು. ಆಮೇಲೆ ಹೊಸದಾಗಿ, ನೇರವಾಗಿ, ಕತ್ತಿನ ಅಂಚಿನವರೆಗೂ ಹೊಲಿದು ಮುಗಿಸಿದಳು. ಮುಗಿಸಿ, ಚೆನ್ನಾಗಿದೆ ಎಂದು ತನ್ನನ್ನೇ ಮೆಚ್ಚಿಕೊಂಡಳು. ಅಂಗಿಯನ್ನು ಮಷೀನಿನ ಡ್ರಾಯರಿನಲ್ಲಿಟ್ಟು, ಅಂದಿನಿಂದ ಬೀದಿಯ ಪರದೆಗಳನ್ನೆಲ್ಲ ಅದರಲ್ಲೇ ಹೊಲಿದಳು.

ಒಂದು ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಹೆಗಲ ಮೇಲೆ ನಿದ್ದೆಹೋದ ಕೂಸನ್ನು ಹಾಕಿಕೊಂಡ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಳು.

"ಹೊಲಿಗೆ ಮಷೀನು... ನಾನು ಕೊಂಡಿದ್ದು. ತುಂಬಾ ತಡವಾಯ್ತು, ಬೈಬೇಡಿ ಅಕ್ಕಾ. ಕೊಂಡ ಮರುದಿನವೇ ಡಾಕ್ಟ್ರು ಹಾಸಿಗೆ ಬಿಟ್ಟು ಏಳಬಾರ್ದು ಅಂದ್ರು. ಆಮೇಲೆ ಇವನು ಹುಟ್ಟಿದ, ಫೋನು ಬದಲಾಯ್ತು, ಒಂದರ ಮೇಲೊಂದು."

ಹರಾಜಪ್ಪನ ಹೆಂಡತಿ ಅವಳನ್ನು ಹಿಂದಿನ ಕೋಣೆಗೆ ಕರೆದೊಯ್ದಳು. ಬಂದವಳೇ ಕ್ಷಮೆ ಕೇಳುತ್ತಿದ್ದಾಳೆ, ಮಷೀನಿನ ಮೇಲೆ ಪಕ್ಕದ ಮನೆಯವರ ಪರದೆ ಇನ್ನೂ ಹಾಗೆಯೇ ಇದೆ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಇವಳು ಹೆಗಲು ಮುಟ್ಟಿಕೊಂಡಳು. "ತುಕ್ಕು ಹಿಡೀಬಾರ್ದು ಅಂತ ಸ್ವಲ್ಪ ಓಡಿಸ್ತಿದ್ದೆ" ಎಂದಳು.

"ಒಳ್ಳೇದೇ ಮಾಡಿದ್ರಿ. ನಮ್ಮಕ್ಕನ ಮಷೀನು ಅದು, ಭಾವ ನನಗೆ ಹೇಳದೇ ಮಾರಿಬಿಟ್ಟಿದ್ದ. ಓಡ್ತಿದ್ರೇ ಅವಳಿಗೆ ಸಮಾಧಾನ." ಹುಡುಗಿ ಮಷೀನಿನ ಮುಂದೆ ಕುಕ್ಕರಿಸಿದಳು. "ಫೋಟೋದಲ್ಲಿ ಸೂಜಿ ಕೆಳಗೆ ಒಂದು ಬಟ್ಟೆ ಇತ್ತಲ್ಲ, ಹಳದಿ?"

ಹೆಂಡತಿ ಡ್ರಾಯರು ಎಳೆದು ಅಂಗಿ ಕೊಟ್ಟಳು. ಫೋಟೋದಲ್ಲಿ ಬಟ್ಟೆ ಕಂಡಿತ್ತೇ ಹೊರತು ಹೊಲಿಗೆ ಎಲ್ಲಿಗೆ ನಿಂತಿದೆ ಎಂದು ಕಂಡಿರಲಿಲ್ಲ. ಹುಡುಗಿ ಅಂಗಿಯನ್ನು ಬಿಡಿಸಿ ನೋಡಿದಳು, ತಿರುಗಿಸಿ ನೋಡಿದಳು. ಅವಳ ಮುಖವೆಲ್ಲ ಅರಳಿತು.

"ಮುಗಿಸಿದ್ದಾಳೆ! ನೋಡಿ ಅಕ್ಕಾ, ಎಷ್ಟು ನೇರ ಇದೆ! ಇವನು ಹೊಟ್ಟೇಲಿದ್ದಾಗ ಶುರು ಮಾಡಿದ್ದು ಇದು."

ಹೆಂಡತಿ ನೀರು ತರುತ್ತೇನೆ ಎಂದು ಅಡುಗೆಮನೆಗೆ ಬಂದಳು. ಅತ್ತೆ ಹಿಂದೆಯೇ ಬಂದರು. ಅವರಿಗೆ ಎಲ್ಲವೂ ಗೊತ್ತಿತ್ತು. ಬಿಚ್ಚಿ ಹೊಲಿದದ್ದನ್ನು ಅಂದೇ ಸೊಸೆಯ ಬಾಯಿಂದ ಕೇಳಿದವರು ಅವರು.

"ಬಾಯಿ ಬಿಡ್ಬೇಡ" ಎಂದು ಅತ್ತೆ ಪಿಸುಗುಟ್ಟಿದರು. "ಆ ಹುಡುಗಿ ನಗ್ತಾ ಇದ್ದಾಳೆ. ನಿನ್ನ ಪಾಪ ತೊಳ್ಕೊಳ್ಳೋಕೆ ಅವಳನ್ನ ಯಾಕೆ ಅಳಿಸ್ತೀಯಾ?"

ಮಾತು ನಿಜವೆನಿಸಿತು. ನಿಜವೆನಿಸಿದ್ದಕ್ಕೇ ನಾಚಿಕೆಯೂ ಆಯಿತು. ಹೆಂಡತಿ ಲೋಟ ಹಿಡಿದು ಹೊರಗೆ ಬಂದಾಗ ಹುಡುಗಿಯ ನಗು ಇಳಿದಿತ್ತು. ಕಣ್ಣಲ್ಲಿ ಬೇರೆಯದೇ ಏನೋ ಇತ್ತು.

"ಭಾವ ಸುಳ್ಳು ಹೇಳಿದ್ದಾನೆ" ಎಂದಳು. "ಕೊನೆಗೆ ಅಕ್ಕನ ಕೈ ಹಿಡಿತದಲ್ಲೇ ಇರ್ಲಿಲ್ಲ, ಒಂದು ಹೊಲಿಗೆ ನೆಟ್ಟಗೆ ಹಾಕ್ತಿರ್ಲಿಲ್ಲ, ಬೆರಳು ಚುಚ್ಕೊಳ್ತಿದ್ಲು, ಅದಕ್ಕೇ ಮಷೀನಿಂದ ಎಬ್ಬಿಸಿ ಆಸ್ಪತ್ರೆಗೆ ಸೇರಿಸ್ದೆ ಅಂದ. ನಾನು ನಂಬಿದ್ದೆ. ಕೈ ಬರದವಳು ಹೀಗೆ ಹೊಲೀತಾಳಾ? ಚೆನ್ನಾಗಿದ್ದವಳನ್ನ ತಗೊಂಡು ಹೋಗಿ ಆಸ್ಪತ್ರೇಲಿ ಹಾಕಿದ್ದಾನೆ ಅವನು. ಇವತ್ತೇ ಹೋಗ್ತೀನಿ. ಈ ಅಂಗೀನ ಅವನ ಮುಖದ ಮುಂದೆ ಹಿಡೀತೀನಿ."

ಇನ್ನು ಸುಮ್ಮನಿರುವುದು ಕರುಣೆಯಾಗಿ ಉಳಿಯಲಿಲ್ಲ. ಕಂಡರಿಯದ ಆ ಗಂಡಸು, ಎಲ್ಲವನ್ನೂ ಮಾರಿ ಕೈ ತೊಳೆದುಕೊಂಡ ಎಂದು ತಾವೆಲ್ಲ ಆಡಿಕೊಂಡವನು, ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದ್ದ. ಸುಳ್ಳು ಹೇಳುತ್ತಿದ್ದದ್ದು ತನ್ನ ನೇರ ಹೊಲಿಗೆ.

"ಅದು ನಾನು ಹೊಲಿದಿದ್ದು" ಎಂದಳು ಹೆಂಡತಿ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಹಣೆ ಚಚ್ಚಿಕೊಂಡರು. "ನಿಮ್ಮಕ್ಕ ಅರ್ಧ ಹೊಲಿದು ಬಿಟ್ಟಿದ್ರು. ಸೊಟ್ಟ ಇತ್ತು. ನಾನು ಬಿಚ್ಚಿ, ಮತ್ತೆ ಹೊಲಿದೆ. ನಿಮ್ಮ ಭಾವ ಸುಳ್ಳು ಹೇಳಿಲ್ಲ ತಾಯೀ. ಮುಟ್ಟಬಾರದಿತ್ತು ನಾನು. ತಪ್ಪಾಯ್ತು."

"ಎಲ್ಲಾ ಬಿಚ್ಚಿದ್ರಾ?"

"ಎಲ್ಲಾ."

"ದಾರ?"

ಹೆಂಡತಿ ಇಲ್ಲವೆಂದು ತಲೆಯಾಡಿಸಿದಳು. ಹುಡುಗಿ ಅಳುತ್ತಾಳೆ, ಬೈಯುತ್ತಾಳೆ ಎಂದು ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹುಡುಗಿ ಬೈಯಲಿಲ್ಲ. ಕೂಸನ್ನು ಎಡಗೈಗೆ ಬದಲಾಯಿಸಿಕೊಂಡು ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಳೆಯ ಸೂಜಿಯ ತೂತುಗಳನ್ನು ಹುಡುಕುತ್ತಿದ್ದಾಳೆ ಎಂದು ಹೆಂಡತಿಗೆ ತಕ್ಷಣ ತಿಳಿಯಿತು. ಅವಳೂ ಪಕ್ಕಕ್ಕೆ ಹೋಗಿ ಹುಡುಕಿದಳು. ಒಂದೂ ಇರಲಿಲ್ಲ. ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು.

"ನಾನು ಅವಳ ಕೊನೆ ದಿನಗಳಲ್ಲಿ ಹೋಗಿ ನೋಡ್ಲಿಲ್ಲ" ಎಂದಳು ಹುಡುಗಿ. "ಭಾವನೂ ಇದನ್ನ ಸರಿಯಾಗಿ ನೋಡಿರಲ್ಲ. ನೀವೊಬ್ರೇ ನೋಡಿರೋದು. ಹೇಗಿತ್ತು ಅಕ್ಕಾ ಅವಳ ಹೊಲಿಗೆ? ಎಲ್ಲಿ ಸೊಟ್ಟ ಆಗಿತ್ತು, ತೋರ್ಸಿ."

ಹೆಂಡತಿ ಅಂಗಿಯ ಕೆಳ ಅಂಚಿನ ಮೇಲೆ ಬೆರಳಿಟ್ಟಳು. ಇಲ್ಲಿಂದ ಶುರುವಾಗಿತ್ತು, ಅದು ನೆನಪಿತ್ತು. ಬೆರಳು ಮೆಲ್ಲಗೆ ಮೇಲೆ ಹೋಯಿತು, ಹೊರಕ್ಕೆ ಸ್ವಲ್ಪ ಬಾಗಿತು, ಅಲ್ಲೇ ನಿಂತಿತು. ಮುಂದೆ ಒಳಕ್ಕೆ ತಿರುಗಿತ್ತೋ, ಇನ್ನೂ ಹೊರಕ್ಕೆ ಸರಿದಿತ್ತೋ, ನಡುವೆಲ್ಲಾದರೂ ಆ ಕೈ ನಿಂತು ದಣಿವಾರಿಸಿಕೊಂಡಿತ್ತೋ? ಒಂದು ಗೆರೆ ಕಟ್ಟಿ ಹೇಳಿದ್ದರೂ ಹುಡುಗಿ ನಂಬುತ್ತಿದ್ದಳು. ಕಣ್ಣು ಮಿಟುಕಿಸದೆ ಅವಳು ಆ ಬೆರಳನ್ನೇ ನೋಡುತ್ತಿದ್ದಳು.

"ಇಲ್ಲಿಂದ ಮುಂದೆ ಗೊತ್ತಿಲ್ಲಮ್ಮ" ಎಂದಳು ಹೆಂಡತಿ. "ಸೊಟ್ಟ ಇದೆ ಅಂತ ಮಾತ್ರ ಕಂಡ್ತು, ಬಿಚ್ಚಿಬಿಟ್ಟೆ. ನಾನೂ ಸರಿಯಾಗಿ ನೋಡ್ಲಿಲ್ಲ."