ನೆಲದ ಮೇಲಿಟ್ಟ ಬಟ್ಟಲು

ಹಾಜಿ ದೈಫಲ್ಲಾ ಕಾಫಿಯ ಬಟ್ಟಲನ್ನು ತುಟಿಗೆ ಒಯ್ಯಲಿಲ್ಲ. ಮುಂದೆ ಜಮಖಾನದ ಮೇಲೆ ಇಟ್ಟು ಸುಮ್ಮನೆ ಕುಳಿತರು. ಅವರ ಜೊತೆ ಬಂದಿದ್ದ ಕುಲದ ಹಿರಿಯರೂ ಹಾಗೆಯೇ ಮಾಡಿದರು.

ಮುತ್ಲಕ್ ಇದನ್ನು ನಿರೀಕ್ಷಿಸಿಯೇ ಇದ್ದ. ಹಾಜಿಯ ಮೊಮ್ಮಗ ಪಿಕಪ್ ಗಾಡಿ ಗುದ್ದಿಸಿ ಮುತ್ಲಕ್‌ನ ಎಡಗೈ ಮುರಿದಿದ್ದ. ಪ್ಲಾಸ್ಟರ್ ಇನ್ನೂ ಬಿಚ್ಚಿರಲಿಲ್ಲ. ಕ್ಷಮೆ ಕೇಳಲು ಬಂದಿದ್ದಾರೆ, ಪದ್ಧತಿಯಂತೆ ಅದು ಸಿಗುವವರೆಗೆ ಕಾಫಿ ಮುಟ್ಟುವುದಿಲ್ಲ. ಏನೆಂದು ವಿಚಾರಿಸುವ ಮೊದಲೇ ಕೊಟ್ಟುಬಿಡುವವನು ದೊಡ್ಡ ಮನುಷ್ಯ. ಗಂಡುಮಕ್ಕಳಿಲ್ಲದೆ, ಹಿರಿಮಗಳ ಹೆಸರಿನಿಂದ ಅಬು ಶುರೂಕ್, ಅಂದರೆ ಶುರೂಕಳ ಅಪ್ಪ, ಎಂದು ಕರೆಸಿಕೊಳ್ಳುತ್ತಿದ್ದ ಮುತ್ಲಕ್‌ಗೆ ದೊಡ್ಡ ಮನುಷ್ಯನಾಗುವ ಅವಕಾಶ ಅಷ್ಟಾಗಿ ಸಿಕ್ಕಿರಲಿಲ್ಲ. ಇಡೀ ಮಾದಬಾ ಊರಿಗೇ ಕೇಳಲಿ ಎಂಬಂತೆ ಗಟ್ಟಿಯಾಗಿ ಹೇಳಿದ.

"ಕುಡೀರಿ ಹಾಜಿ. ನೀವು ಏನು ಕೇಳೋಕೆ ಬಂದಿದ್ದೀರೋ ಅದು ನಿಮ್ಮದು."

ಹಾಜಿ ಕುಡಿದರು. ಎಲ್ಲರೂ ಕುಡಿದರು. ಸಾಕೆಂದು ಬಟ್ಟಲು ಅಲ್ಲಾಡಿಸಿ ಹಿಂದಿರುಗಿಸಿ, ಹಾಜಿ ಗಡ್ಡ ಒರೆಸಿಕೊಂಡರು.

"ದೇವರು ನಿನ್ನ ಮನೆ ಬೆಳಗಲಿ. ನಿನ್ನ ಮಗಳು ನಾಮಪತ್ರ ವಾಪಸ್ ತಗೊಳ್ಲಿ. ನಾಳೆ ಮಧ್ಯಾಹ್ನ ಕಚೇರಿ ಮುಚ್ಚೋದ್ರೊಳಗೆ. ಪುರಸಭೆಗೆ ಕುಲದ ಪರವಾಗಿ ನಮ್ಮ ಘಾಲಿಬ್ ನಿಂತಿದ್ದಾನೆ, ಓಟು ಒಡೆಯೋದು ಬೇಡ."

"ನಾನು ಕೈ ವಿಷಯ ಅಂದ್ಕೊಂಡಿದ್ದೆ," ಎಂದ ಮುತ್ಲಕ್.

"ಕೈ ಕೂಡ್ಕೊಳ್ಳುತ್ತೆ ಬಿಡು. ಓಟು ಒಡೆದ್ರೆ ಕೂಡಲ್ಲ. ಅಷ್ಟಕ್ಕೂ ಅವಳ ಹಿಂದೆ ಇರೋರು ಯಾರು? ಆ ಕ್ರೈಸ್ತರ ಬೇಕರಿಯವನು, ನಿರಾಶ್ರಿತರ ಕ್ಯಾಂಪಿನ ಪ್ಯಾಲೆಸ್ತೀನಿ ಹೆಂಗಸರು. ನಮ್ಮವರು ಒಬ್ಬರಾದ್ರೂ ಇದ್ದಾರಾ?"

ಮೊನ್ನೆ ಮಗಳಿಗೆ ಮುತ್ಲಕ್ ಇದೇ ಮಾತು ಹೇಳಿದ್ದ. ಈಗ ಇನ್ನೊಬ್ಬರ ಬಾಯಲ್ಲಿ ಕೇಳಿ ಅವನಿಗೆ ನಾಚಿಕೆಯಾಯಿತು.

ಅವರೆಲ್ಲ ಹೋದ ಮೇಲೆ ಶುರೂಕ್ ಒಳಗಿನಿಂದ ಬಂದಳು. ಔಷಧಿ ಅಂಗಡಿಯ ಬಿಳಿ ಕೋಟು ಇನ್ನೂ ಮೈಮೇಲಿತ್ತು. ಕೂಗಾಡಿದ್ದರೆ ಅಪ್ಪನಿಗೆ ಎಷ್ಟೋ ಸಲೀಸಾಗುತ್ತಿತ್ತು. ಅವಳು ಕಾಫಿ ಬಗ್ಗಿಸಿಕೊಂಡು ಅವನೆದುರು ಕುಳಿತಳು. ಬಟ್ಟಲನ್ನು ನೆಲದ ಮೇಲಿಟ್ಟಳು.

"ಇದೇನಮ್ಮ?"

"ನಾನೂ ಕೇಳೋಕೆ ಬಂದಿದ್ದೀನಿ ಅಪ್ಪ."

ಕುಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. "ಮೊದಲು ಏನು ಬೇಕು ಹೇಳು."

"ಈಗ ಬಂತು ನೋಡು ಬುದ್ಧಿ," ಎಂದಳು ಬಾಗಿಲ ಹಿಂದಿದ್ದ ಹೆಂಡತಿ ಹಸ್ನಾ.

"ನಾಳೆ ಹಾಜಿ ಮನೆಗೆ ಹೋಗು. ಅವರ ಕಾಫೀನ ನೆಲಕ್ಕಿಡು. ಕೊಟ್ಟ ಮಾತು ವಾಪಸ್ ಕೇಳು."

"ವಾಪಸ್ ಕೇಳೋದಾ? ಆಮೇಲೆ ಊರಲ್ಲಿ ಹೇಗೆ ಮುಖ ತೋರಿಸ್ಲಿ?"

"ನೀನು ಕೊಟ್ಟಿದ್ದು ನಿನ್ನದಲ್ಲ ಅಪ್ಪ. ನನ್ನದು."

ಮುತ್ಲಕ್ ಪ್ಲಾಸ್ಟರಿನ ಅಂಚು ಕೆರೆದುಕೊಂಡ. ಆಮೇಲೆ ಸಣ್ಣ ದನಿಯಲ್ಲಿ, "ಕುಡಿ, ಆರಿಹೋಗುತ್ತೆ," ಎಂದ.

ಬೆಳಿಗ್ಗೆ ಹಾಜಿಯ ಮನೆಗೆ ಜೊತೆಗೆ ಬನ್ನಿ ಎಂದು ಕರೆದರೆ ಮುತ್ಲಕ್‌ನ ತಮ್ಮಂದಿರು ಬಾಗಿಲಲ್ಲೇ ಕೈ ಚೆಲ್ಲಿದರು. ಒಬ್ಬನೇ ಹೋದರೆ ಅದು ಕೇಳಿಕೊಳ್ಳಲು ಹೋದಂತಲ್ಲ, ಜಗಳಕ್ಕೆ ಹೋದಂತೆ. ಮುತ್ಲಕ್ ಬೇಕರಿಯ ಮುಂದೆ ಹೋಗಿ ನಿಂತ. ವರ್ಷಗಟ್ಟಲೆ ಅಲ್ಲಿ ರೊಟ್ಟಿ ಕೊಂಡಿದ್ದಾನೆ. ಕೂತು ಹೋಗು ಎಂದಾಗ ಒಮ್ಮೆಯೂ ಕೂತಿರಲಿಲ್ಲ. ಬಂದ ವಿಷಯ ಹೇಳಲು ಬಾಯಿ ತಡವರಿಸಿತು.

ಬೇಕರಿಯ ಅಬು ಜಿರ್ಯಿಸ್ ಕೈಗೆ ಮೆತ್ತಿದ್ದ ಹಿಟ್ಟು ಉದುರಿಸುತ್ತ ಕೇಳಿದ. "ನನ್ನನ್ನ ಕರ್ಕೊಂಡು ಹೋದ್ರೆ ನಿಮ್ಮವರು ಏನಂತಾರೆ?"

"ಅನ್ನೋದನ್ನೆಲ್ಲ ನಿನ್ನೆಯೇ ಅಂದಾಯ್ತು."

"ಹಾಗಾದ್ರೆ ಕೋಟು ಹಾಕ್ಕೊಂಡು ಬರ್ತೀನಿ ಇರು. ಕ್ಯಾಂಪಿನ ರಸ್ಮಿ ಮೇಷ್ಟ್ರನ್ನೂ ಕರೆಯೋಣ. ಆತ ಒಂದು ಸಲ ಕೂತರೆ ಏಳಲ್ಲ."

ಹಾಜಿಯ ಹಜಾರದಲ್ಲಿ ಮುತ್ಲಕ್ ಅವರಿಬ್ಬರ ನಡುವೆ ಕುಳಿತ. ಎದುರುಗಡೆ ಘಾಲಿಬ್, ಗೋಡೆಗುಂಟ ಕುಲದ ಅರ್ಧ ಜನ. ಕಾಫಿ ಬಂತು. ಮುತ್ಲಕ್ ಬಟ್ಟಲನ್ನು ಜಮಖಾನದ ಮೇಲಿಟ್ಟ. ಬೇಕರಿಯವನೂ ಮೇಷ್ಟ್ರೂ ತಮ್ಮದನ್ನು ಪಕ್ಕದಲ್ಲಿಟ್ಟರು.

ಎಲ್ಲರ ಕಣ್ಣೂ ಹಾಜಿಯ ಮೇಲೆ. ಆ ಹಜಾರದಲ್ಲಿ ಇಂಥ ಹೊತ್ತಿಗೆ ಕುಡಿಯಿರಿ ಎಂಬ ಮಾತು ಬಿಟ್ಟು ಬೇರೆ ಬಂದದ್ದಿಲ್ಲ. ಹಾಜಿ ಮೂರೂ ಬಟ್ಟಲುಗಳನ್ನು ನೋಡಿದರು, ಮುತ್ಲಕ್‌ನ ಅಕ್ಕಪಕ್ಕದವರನ್ನು ನೋಡಿದರು.

"ಏನು ಬೇಕು ಅಬು ಶುರೂಕ್?"

"ನಿನ್ನೆ ನಾನು ಕೊಟ್ಟ ಮಾತು ವಾಪಸ್ ಬೇಕು, ಹಾಜಿ. ಅದು ನನ್ನ ಮಗಳದ್ದು. ಅವಳನ್ನ ಕೇಳದೆ ಕೊಟ್ಟುಬಿಟ್ಟೆ."

ಯಾರೋ ಕಿಸಕ್ಕನೆ ನಕ್ಕರು. ಮುತ್ಲಕ್‌ನ ಕಿವಿ ಬಿಸಿಯಾಯಿತು. ಆದರೂ ತಲೆ ತಗ್ಗಿಸಲಿಲ್ಲ. ಬಟ್ಟಲುಗಳ ಮೇಲಿನ ಹಬೆ ನಿಂತಿತು. ಕಚೇರಿ ಮುಚ್ಚಲು ಇನ್ನೆಷ್ಟು ಹೊತ್ತಿದೆ ಎಂದು ಘಾಲಿಬ್ ಗೋಡೆಯ ಗಡಿಯಾರ ನೋಡಿದ, ಆಮೇಲೆ ಹಾಜಿಯ ಮುಖ, ಮತ್ತೆ ಗಡಿಯಾರ. ಮೇಷ್ಟ್ರು ಆರಾಮಾಗಿ ದಿಂಬಿಗೆ ಒರಗಿದರು.

"ಕಾಫಿ ಆರಿಹೋಗಿದೆ," ಎಂದರು ಹಾಜಿ ಕೊನೆಗೆ. "ಚೆಲ್ಲಿ, ಬೇರೆ ಹಾಕಿ ಕೊಡ್ರೋ."

ಹೊಸ ಕಾಫಿ ಬಂತು. ಮುತ್ಲಕ್ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ; ಏಲಕ್ಕಿಯ ಘಮ ಮೂಗಿಗೆ ಬಡಿಯಿತು. ಬಿಸಿ ಬಟ್ಟಲನ್ನು ಬಲಗೈಯಲ್ಲಿ ತೆಗೆದುಕೊಂಡು, ಬಾಗಿ, ಅದೇ ಜಾಗದಲ್ಲಿ ನೆಲದ ಮೇಲಿಟ್ಟ.