ಹಿಮಕರಡಿಗೆ ಅಜ್ಜಿಯ ಸೆಂಟು

ಮಗಳು ಬ್ರಿಟಾಳ ಒಂದು ಜಡೆ ಮುಗಿಸಿ ಇನ್ನೊಂದಕ್ಕೆ ಸಿಕ್ಕು ಬಿಡಿಸುತ್ತಿದ್ದೆ. ಬಾಗಿಲು ತಟ್ಟದೆ ಆರ್ಡಿಸ್ ಒಳಗೆ ಬಂದಳು. ಆರ್ಡಿಸ್ ನನ್ನ ಗಂಡನ ಅಕ್ಕ. ನಾನು ಕರಡಿಗಳನ್ನು ನೋಡಿಕೊಳ್ಳುವ ಮೃಗಾಲಯಕ್ಕೆ ದೇಣಿಗೆ ಕೊಡುವ ಹೆಂಗಸರ ಸಂಘಕ್ಕೆ ಅವಳೇ ಅಧ್ಯಕ್ಷೆ. ಬೂಟಿನ ಹಿಮವನ್ನೂ ಕೊಡವದೆ ನೇರವಾಗಿ ಬಚ್ಚಲುಮನೆಗೆ ಹೋಗಿ, ಕನ್ನಡಿಯ ಕೆಳಗಿದ್ದ ಸೆಂಟಿನ ಬಾಟಲಿ ಹಿಡಿದು ಬಂದಳು.

“ಅಮ್ಮಂದು ಇಲ್ಲೇ ಇರುತ್ತೆ ಅಂತ ಗೊತ್ತಿತ್ತು. ಅಯ್ಯೋ, ತಳ ಕಾಣ್ತಿದೆಯಲ್ಲೇ! ಅಮ್ಮನಿಗೆ ತುಂಬಿದ ಬಾಟಲಿ ಕೊಟ್ಟಿದ್ದೆ ನಾನು. ಯಾರು ಸುರ್ಕೊಂಡಿದ್ದು, ನೀನಾ? ಇವಳಾ?”

“ದಿನಾ ಮೀನು ಕತ್ತರಿಸೋಳು ನಾನು. ನನ್ನ ಮೈಮೇಲೆ ಯಾವ ಸೆಂಟು ನಿಲ್ಲುತ್ತೆ?”

ಬ್ರಿಟಾಳ ಕತ್ತು ನನ್ನ ಬೆರಳಡಿ ಬಿಗಿಯಾಯಿತು. ನಮ್ಮ ಜೊತೆಗೇ ಇದ್ದ ಅಜ್ಜಿ ವಸಂತದಲ್ಲಿ ತೀರಿಕೊಂಡ ಮೇಲೆ, ಶಾಲೆಗೆ ಹೊರಡುವಾಗ ಆ ಬಾಟಲಿಯ ಮುಚ್ಚಳ ತೆಗೆದು ಒಂದು ಸಲ ಮೂಸಿ ಹೋಗುತ್ತಿದ್ದಳು. ಒಂದು ಹನಿಯನ್ನೂ ಮುಟ್ಟುತ್ತಿರಲಿಲ್ಲ.

“ಅದು ಮಗೂದು, ಆರ್ಡಿಸ್. ಅಲ್ಲೇ ಇಡಿ.”

“ಎಂಟು ವರ್ಷದ ಹುಡುಗಿಗೆ ಎಂಥ ಸೆಂಟು? ಇವತ್ತು ಅಮ್ಮನ ನೆನಪಿಗೆ ಅಂತ ಕರಡಿಗೆ ಕೊಡ್ತೀನಿ. ಪತ್ರಿಕೆಯೋರು ಬೇರೆ ಬರ್ತಿದ್ದಾರೆ.” ಬಾಟಲಿ ಕೈಚೀಲ ಸೇರಿತು. “ಏನಮ್ಮಾ ಬ್ರಿಟಾ, ಕೊಡಲ್ವಾ? ಅಷ್ಟು ಜಿಪುಣಿನಾ ನೀನು?”

ಬ್ರಿಟಾ ಏನೋ ಕೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. “ಹೆಲ್ಗಾ ಕರಡಿಗೆ ಆದ್ರೆ ಕೊಡ್ತೀನಿ,” ಎಂದಳು, ನೆಲ ನೋಡುತ್ತಾ.

ಒಂದೇ ಜಡೆಯಲ್ಲಿ ಅವಳನ್ನು ಕರೆದುಕೊಂಡು ಹೊರಟೆ.

ಉಳಿದ ಸೆಂಟು, ಹಳೆಯ ಮಸಾಲೆ ಇದ್ದರೆ ಹಿಮಕರಡಿಗೆ ಕೊಡಿ ಎಂದು ಮೃಗಾಲಯದ ಬಾಗಿಲಿಗೆ ಚೀಟಿ ಅಂಟಿಸಿದ್ದವಳು ನಾನೇ. ಬೇಸರ ಬಂದರೆ ಹೆಲ್ಗಾ ಗೋಡೆಗುಂಟ ಹೋದಲ್ಲಿಗೇ ಹೋಗಿ ಬಂದಲ್ಲಿಗೇ ಬರುತ್ತಾಳೆ. ಹೊಸ ವಾಸನೆ ಸಿಕ್ಕರೆ ನಿಲ್ಲುತ್ತಾಳೆ, ಮೂಸುತ್ತಾಳೆ, ಅರ್ಧ ದಿನ ಆಡಿಕೊಂಡಿರುತ್ತಾಳೆ. ಇಷ್ಟೇ ವಿಷಯ. ಸಂಘದ ಕೈಗೆ ಸಿಕ್ಕಿ ಅದು ಸ್ಪರ್ಧೆಯಾಯಿತು. ಹುಲ್ಲು ತುಂಬಿದ ಗೋಣಿಚೀಲಗಳಿಗೆ ಒಬ್ಬೊಬ್ಬರ ಸೆಂಟು. ಪ್ರತಿ ಚೀಲದ ಹಿಂದೆ ಗೋಡೆಯ ಮೇಲೆ ಕೊಟ್ಟವರ ಹೆಸರು. ಹೆಲ್ಗಾ ಮೆಚ್ಚಿದ ಚೀಲದವರಿಗೆ ನೀಲಿ ರಿಬ್ಬನ್ನು. ಪ್ರಾಣಿಪ್ರೀತಿ ಮೆರೆಯಲು ಬಂದವರಲ್ಲಿ ಅರ್ಧದಷ್ಟು ಜನ ತುಪ್ಪಳದ ಕೋಟು ತೊಟ್ಟಿದ್ದರು. ಪಾಪ, ಚಳಿ.

ಹೆಲ್ಗಾ ಹೊರಗೆ ಬಂದಳು. ಮೊದಲ ಚೀಲಕ್ಕೆ ಪ್ಯಾರಿಸ್ಸಿನ ಸೆಂಟು. ಮೂಸಿ ಸೀನಿದಳು. ಎರಡನೆಯದರ ಮೇಲೆ ಉಚ್ಚೆ ಹೊಯ್ದಳು.

“ಅದೂ ಒಂಥರಾ ಮೆಚ್ಚುಗೇನೇ ಅಲ್ವಾ?” ಎಂದು ಅದರ ಒಡತಿ ನನ್ನನ್ನು ಕೇಳಿದಳು.

“ಹೂಂ ಮತ್ತೆ. ಎಲ್ಲರಿಗೂ ಮಾಡಲ್ಲ ಅವಳು,” ಎಂದೆ.

ಅಜ್ಜಿಯ ಚೀಲದ ಬಳಿ ಹೆಲ್ಗಾ ನಿಂತಳು. ಕೆನ್ನೆ ಒತ್ತಿದಳು, ಕತ್ತು ಉಜ್ಜಿದಳು. ಆಮೇಲೆ ಅಂಗಾತ ಬಿದ್ದು, ಚೀಲವನ್ನು ನಾಲ್ಕೂ ಕಾಲಲ್ಲಿ ಅಪ್ಪಿಕೊಂಡು ಹಿಮದಲ್ಲಿ ಹೊರಳಾಡಿದಳು.

“ಅಮ್ಮಾ, ಅವಳಿಗೆ ಇಷ್ಟ ಆಯ್ತು!” ಬೆಳಗಿನಿಂದ ಬ್ರಿಟಾ ನಕ್ಕಿದ್ದು ಆಗಲೇ. ಅಲ್ಲಿಗೆ ಮುಗಿದಿದ್ದರೆ ಸಾಕಿತ್ತು.

ಆರ್ಡಿಸ್ ರಿಬ್ಬನ್ನು ಚುಚ್ಚಿಕೊಂಡು ಪತ್ರಿಕೆಯವನ ಮುಂದೆ ಕಣ್ಣೊರೆಸಿಕೊಂಡಳು. ಕಾಡಿಗೆ ಕದಡದ ಹಾಗೆ, ಬೆರಳ ತುದಿಯಲ್ಲಿ. “ಅಮ್ಮ ಹಾಸಿಗೆ ಹಿಡಿದಾಗ ನಾನು ಪಕ್ಕದಲ್ಲೇ ಇದ್ದೆ. ಈ ವಾಸನೆ ಬಂದ್ರೆ ಸಾಕು, ನಾವಿಬ್ರೂ ಕೂತು ಮಾತಾಡ್ತಿದ್ದ ಭಾನುವಾರಗಳು ನೆನಪಾಗುತ್ತೆ.”

ಆ ಭಾನುವಾರಗಳು ನನಗೂ ನೆನಪಿವೆ. ಅಜ್ಜಿ ದಿಂಬಿಗೆ ಒರಗಿ ಕೂತು, “ಸ್ವಲ್ಪ ಸೆಂಟು ಹಾಕು ಕಂದಾ, ಆರ್ಡಿಸ್ ಬರ್ತಾಳೆ,” ಎನ್ನುತ್ತಿದ್ದರು. ಬ್ರಿಟಾ ಒಂದು ಕಿವಿಯ ಹಿಂದೆ ಹಚ್ಚಿ, ಇನ್ನೊಂದರ ಹಿಂದೆ ಹಚ್ಚಿ, ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದಳು. ಕಾಫಿ ಆರುತ್ತಿತ್ತು. ಏಲಕ್ಕಿ ಬನ್ನು ಗಟ್ಟಿಯಾಗುತ್ತಿತ್ತು. “ದಾರೀಲಿ ಹಿಮ ಜಾಸ್ತಿ ಇರ್ಬೇಕು,” ಎಂದು ಅಜ್ಜಿ ಮಲಗಿಬಿಡುತ್ತಿದ್ದರು. ದಾರಿ ಎಂದರೆ ಎರಡು ಬೀದಿ. ಮುಂದಿನ ವಾರ ಮತ್ತೆ ಸೆಂಟು. ಅಜ್ಜಿಗೆ ನೋವಾದೀತೆಂದು ಬ್ರಿಟಾ ಬಾಯಿ ಬಿಡಲಿಲ್ಲ. ಅಜ್ಜಿ ಹೋದ ಮೇಲೂ ಆ ಪ್ರಶ್ನೆ ಬಾಯೊಳಗೇ ಉಳಿದಿತ್ತು.

ಈಗ ಬ್ರಿಟಾ ನನ್ನ ಕೈ ಬಿಟ್ಟು ನನ್ನ ಮುಖ ನೋಡಿದಳು. ನಾನು ತಡೆಯಲಿಲ್ಲ. ಹೆಂಗಸರ ನಡುವೆ ತೂರಿಕೊಂಡು ಹೋಗಿ ಆರ್ಡಿಸ್‌ಳ ತುಪ್ಪಳದ ತೋಳು ಜಗ್ಗಿದಳು.

“ಆರ್ಡಿಸ್ ಅತ್ತೆ, ಸೆಂಟು ನಾವು ಸುರ್ಕೊಂಡಿದ್ದಲ್ಲ. ನೀವು ಬರ್ತೀರ ಅಂತ ಅಜ್ಜಿ ಪ್ರತಿ ಭಾನುವಾರ ಹಾಕಿಸ್ಕೋತಿದ್ರು. ನೀವು ಯಾಕೆ ಒಂದು ಸಲಾನೂ ಬರ್ಲಿಲ್ಲ?”