ಬರೀ ನೀಲಿ ಧ್ವಜ

ಜಗತ್ತಿನ ಕಿವುಡರಿಗೆಲ್ಲ ಒಂದು ಧ್ವಜ ಬೇಕಾಗಿದೆ, ನಿಮ್ಮದೊಂದು ಮಾದರಿ ಕಳಿಸಿರಿ ಎಂದು ೨೦೦೮ರಲ್ಲಿ ರೋಣದ ಕಿವುಡರ ಸಂಘಕ್ಕೆ ಪತ್ರ ಬಂತು. ಹೊಲಿಯುವ ಕೆಲಸ ಪೇಟೆಯ ದರ್ಜಿಯಾದ ನನಗೆ ಬಿತ್ತು; ನನಗೆ ಕಿವಿ ಕೇಳುತ್ತದೆ, ಅವರ ಕೈಮಾತು ಬರುವುದಿಲ್ಲ. ಸಂಘದ ಅಧ್ಯಕ್ಷ ಅಜ್ಜಪ್ಪ, ನರಗುಂದದ ಬಡಿಗ, ಚಿತ್ರ ಬರೆದು ತಂದಿದ್ದ: ಭೂಗೋಳ, ಅದರ ಮೇಲೆ ಕೈ, ಸುತ್ತ ಹೂಬಳ್ಳಿ. ಆರು ಬಣ್ಣದ ಬಟ್ಟೆ ಕತ್ತರಿಸಿ ಮೂರು ದಿನ ಕೂತು ಹೊಲಿದೆ. ನೋಡಲು ಅಂಗಡಿಗೆ ಬಂದ ಸಂಘದವರೆಲ್ಲ ಮೆಚ್ಚಿದರು.

ಲಕ್ಕಲಕಟ್ಟಿಯ ಕಿವುಡ ಹುಡುಗಿ ಸುಗರಾ ಮಾತ್ರ ಮೆಚ್ಚಲಿಲ್ಲ. ಹಿಂದಿನ ವರ್ಷ ಗದಗಿನ ಸಭೆಯಲ್ಲಿ ಅವಳು ಹೂವಿನ ಚಿತ್ತಾರದ ಪೆಂಡಾಲ್ ಬಟ್ಟೆಯ ಮುಂದೆ ನಿಂತು ಕೈಯಿಂದ ಮಾತಾಡಿದ್ದಳು. ಆ ಹೂಗಳಲ್ಲಿ ಬೆರಳು ಕಾಣದೆ ಹಿಂದಿನ ಸಾಲಿನವರು ಎದ್ದು ಹೋಗಿದ್ದರು. ಆಮೇಲೆ ಅವಳು ಯಾವ ಸಭೆಯಲ್ಲೂ ಕೈ ಎತ್ತಿರಲಿಲ್ಲ.

ಈಗ ನನ್ನ ಅಂಗಡಿಯ ಕಪಾಟಿನಿಂದ ತಿಳಿನೀಲಿ ಬಟ್ಟೆಯೊಂದನ್ನು ಎಳೆದಳು.

“ನೀಲಪ್ಪಣ್ಣಾರ, ಇದನ್ನ ಧ್ವಜ ಮಾಡ್ರಿ ಅಂತಾಳ,” ಎಂದಳು ಅವಳ ತಾಯಿ ಚಮನಬಿ.

“ಚಿತ್ರ?”

“ಬ್ಯಾಡಂತ್ರಿ. ಚಿತ್ರ ಮುಂದ ನಿಂತಾವ್ರ ಕೈಯಾಗ ಬರತೈತಂತ.”

“ಇದೇನ ಧ್ವಜೇನವ್ವಾ? ಹುಡುಗೀರ ಪರಕಾರದ ಒಳಗಿನ ಅಸ್ತರ ಇದ್ಧಾಂಗ ಐತಿ!”

ಚಮನಬಿ ಅದನ್ನು ಕೈಯಲ್ಲಿ ತಿಳಿಸಿದಳು. ಸುಗರಾ ನಕ್ಕು, ಎರಡೂ ಬಟ್ಟೆ ಎತ್ತಿಕೊಂಡು ಹೊರಗೆ ನಡೆದಳು. ಅಜ್ಜಪ್ಪನನ್ನೂ ಉಳಿದ ಹತ್ತು ಮಂದಿಯನ್ನೂ ಪೇಟೆಯ ಆ ತುದಿಯ ಬೇವಿನ ಮರದ ಹತ್ತಿರ ನಿಲ್ಲಿಸಿದಳು. ಮೊದಲು ನನ್ನ ಧ್ವಜವನ್ನು ಅಂಗಡಿಯ ಗೋಡೆಗೆ ಕಟ್ಟಿ, ಅದರ ಮುಂದೆ ನಿಂತು ಕೈಯಾಡಿಸಿದಳು. ಅಜ್ಜಪ್ಪ ಹುಬ್ಬಿಗೆ ಕೈ ಹಚ್ಚಿ ನೋಡಿದ, ಏನು ಎಂದು ಕೈ ತಿರುವಿದ.

ಆಮೇಲೆ ನೀಲಿ ಬಟ್ಟೆ ಕಟ್ಟಿ ಮತ್ತೆ ಕೈಯಾಡಿಸಿದಳು. ಅವಳ ಕೈ ಇಳಿಯುವುದರೊಳಗೆ ಅಜ್ಜಪ್ಪ ಗಡಬಡಿಸಿ ಮೀಸೆ ಒರೆಸಿಕೊಂಡ. ಉಳಿದವರು ಅವನ ಬೆನ್ನಿಗೆ ಗುದ್ದಿ ನಕ್ಕರು.

“ಏನಂದ್ಲು?” ಎಂದು ಚಮನಬಿಯನ್ನು ಕೇಳಿದೆ.

“‘ಕಾಕಾ, ಗಿರಮಿಟ್ ತಿಂದೀರಿ, ಮೀಸಿಗೆ ಚುರಮರಿ ಹತ್ತೇತಿ’ ಅಂದ್ಲ್ರಿ. ಮೊದಲನೇ ಸಲಾನೂ ಅದನ್ನ ಅಂದಿದ್ಲು!”

ಅಜ್ಜಪ್ಪ ಬಂದು ತನ್ನ ಧ್ವಜವನ್ನು ತಾನೇ ಬಿಚ್ಚಿ ಮಡಚಿದ. ಹನ್ನೊಂದು ಮಂದಿಯೂ ಎರಡೂ ಕೈ ಮೇಲೆತ್ತಿ ಅಲುಗಿಸಿದರು. ಅವರ ಚಪ್ಪಾಳೆ ಅದು. ನನ್ನ ಮೂರು ದಿನದ ಕೆಲಸ ಹೋಯಿತು. ಆದರೂ ನಾನೂ ಕೈ ಎತ್ತಿದೆ.

ನೀಲಿ ಧ್ವಜ ಎರಡು ಹೊಲಿದೆ. ಒಂದನ್ನು ಕಳಿಸಿದೆವು, ಉತ್ತರ ಬರಲಿಲ್ಲ. ಇನ್ನೊಂದನ್ನು ಮರುವರ್ಷ ಗದಗಿನ ಸಭೆಗೆ ಒಯ್ದು ಹೂವಿನ ಪೆಂಡಾಲ್ ಬಟ್ಟೆಯ ಮೇಲೆ ಕಟ್ಟಿದೆವು. ಸುಗರಾ ಅದರ ಮುಂದೆ ಅರ್ಧ ತಾಸು ಮಾತಾಡಿದಳು. ಒಬ್ಬರೂ ಏಳಲಿಲ್ಲ. ಅವಳು ಕೈ ಎತ್ತಿದ ಕೂಡಲೇ, ಕಟ್ಟಕಡೆಯ ಸಾಲಿನಲ್ಲಿ ಕೂತಿದ್ದ ಅಜ್ಜಪ್ಪ ಮಾತ್ರ ಒಮ್ಮೆ ಮೀಸೆ ಮುಟ್ಟಿ ನೋಡಿಕೊಂಡ.